ಮೂವತ್ತೆಂಟಕ್ಕೆ ಎಷ್ಟು ಕೂಡಿಸಬೇಕಿತ್ತು

“ಇಪ್ಪತ್ತೈದು ಕೂಡಿಸಿದ್ರೆ ಆಯ್ತು ಅಜ್ಜಿ, ಅಷ್ಟೇ,” ಎಂದಳು ಸಿಂಚನ.

ಸಿಂಚನ ನನ್ನ ತಮ್ಮನ ಮೊಮ್ಮಗಳು. ಸಾಗರದಲ್ಲೇ ಕಾಲೇಜಿಗೆ ಹೋಗಿ ಕಂಪ್ಯೂಟರ್ ಕಲಿಯುತ್ತಾಳೆ. ಅವಳ ಮೇಷ್ಟ್ರು ಒಂದು ಲೆಕ್ಕ ಕೊಟ್ಟಿದ್ದರಂತೆ. ಜಪಾನಿನವರು ತಮ್ಮ ಚಕ್ರವರ್ತಿಗೆ ಪಟ್ಟವಾದ ವರ್ಷದಿಂದ ಇಸವಿ ಎಣಿಸುತ್ತಾರೆ, ಅದನ್ನು ಇಂಗ್ಲಿಷ್ ಇಸವಿಗೆ ತಿರುಗಿಸುವ ಪ್ರೋಗ್ರಾಂ ಬರೆದುಕೊಂಡು ಬನ್ನಿ ಅಂತ. ಒಬ್ಬ ಚಕ್ರವರ್ತಿ ಹೋಗಿ ಇನ್ನೊಬ್ಬ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು. ವರ್ಷದ ನಡುವೆ ಹೋದರೆ ಒಂದೇ ವರ್ಷಕ್ಕೆ ಎರಡು ಹೆಸರು, ಅಲ್ಲೇ ಪ್ರೋಗ್ರಾಂ ಎಡವುವುದು ಎಂದು ಅವಳು ನನಗೆ ಪಾಠ ಮಾಡುತ್ತಿದ್ದಳು. ಶೋವಾ ಎಂಬ ಕಾಲದ ವರ್ಷಗಳಿಗಂತೂ ಕಷ್ಟವೇ ಇಲ್ಲ, ಇಪ್ಪತ್ತೈದು ಕೂಡಿಸಿ ಮುಂದೆ ಹತ್ತೊಂಬತ್ತು ಅಂತ ಬರೆದರೆ ಮುಗಿಯಿತು. “ಒಂದು ನಂಬರ್ ಹೇಳಿ, ತೋರಿಸ್ತೀನಿ,” ಎಂದಳು. ನನ್ನ ಬಾಯಿಂದ ಮೂವತ್ತೆಂಟು ಎಂದು ಬಂತು. ಅವಳು ಒತ್ತಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಾವಿರದ ಒಂಬೈನೂರ ಅರವತ್ತಮೂರು ಎಂದು ಪರದೆಯ ಮೇಲೆ ಬಂದು ಕೂತಿತು.

ನಾನು ಎದ್ದು ಅಂಗಳಕ್ಕೆ ಹೋದೆ. ಮಗು ಹೆದರಿ ಹಿಂದೆಯೇ ಬಂತು, ತಾನೇನೋ ತಪ್ಪು ಮಾಡಿದೆ ಎಂದುಕೊಂಡು. ಅವಳ ತಪ್ಪೇನೂ ಇಲ್ಲ. ಈ ವಯಸ್ಸಿನಲ್ಲಿ ಸಿಟ್ಟು ಆರಿಹೋಗುತ್ತದೆ, ಎಲ್ಲರನ್ನೂ ಕ್ಷಮಿಸುವ ಮನಸ್ಸಾಗುತ್ತದೆ ಎಂದು ಹೇಳುವವರಿದ್ದಾರೆ. ಅವರಿಗೆ ಬಹುಶಃ ಸಿಟ್ಟು ಬರುವಂಥದ್ದು ಏನೂ ಆಗಿಲ್ಲ. ನನಗೆ ಆಗಿದೆ. ಅದೂ ಯಾವ ವರ್ಷ ಅಂದರೆ ಕ್ರೋಧಿ ಸಂವತ್ಸರ, ಅರವತ್ತನಾಲ್ಕನೇ ಇಸವಿಯ ಮಳೆಗಾಲ.

ಆಗ ನಾನು ಹುಂಚದಿಂದ ಸ್ವಲ್ಪ ಒಳಗಿನ ಒಂದು ಊರಿನಲ್ಲಿ ಶಾಲೆಯ ಟೀಚರು. ಒಬ್ಬಳೇ ಟೀಚರು, ಒಂದೇ ಕೋಣೆ, ನಾಲ್ಕು ಕ್ಲಾಸು. ನಮ್ಮ ಮೂಲ ತೀರ್ಥಹಳ್ಳಿ ಕಡೆ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದ ಮೇಲೆ ತಮ್ಮ ದುಗ್ಗಪ್ಪನನ್ನು ನಾನೇ ಬೆಳೆಸಿದೆ. ನನಗೆ ಕೆಲಸವಾದ ಊರಿಗೆ ಅವನೂ ಬಂದ. ಓದು ಅವನಿಗೆ ಹತ್ತಲಿಲ್ಲ. ಆದರೆ ಯಂತ್ರ ಅಂದರೆ ಊಟ ಬಿಟ್ಟು ನಿಲ್ಲುವವನು. ಹುಂಚಕ್ಕೆ ಬರುವ ಬಸ್ಸು ಕೆಟ್ಟು ನಿಂತರೆ ಡ್ರೈವರಿಗಿಂತ ಮೊದಲು ಇವನು ಅದರ ಅಡಿಗೆ ತೂರುತ್ತಿದ್ದ. ಸರಿಮಾಡಲು ಬರುತ್ತಿತ್ತು ಅಂತಲ್ಲ, ನೋಡುವ ಹುಚ್ಚು.

ಆ ದಿನಗಳಲ್ಲಿ ಎಲ್ಲಿ ನೋಡಿದರೂ ಜಪಾನ್ ಪದ್ಧತಿಯ ಬತ್ತದ ಬೇಸಾಯದ ಮಾತು. ಸಾಲು ನಾಟಿ ಮಾಡಿ, ಜಪಾನಿನವರ ಹಾಗೆ ಬೆಳೆಯಿರಿ ಎಂದು ಗ್ರಾಮಸೇವಕರು ಊರೂರು ತಿರುಗುತ್ತಿದ್ದರು. ನಮ್ಮೂರಿನ ರೈತರ ಸಹಕಾರ ಸಂಘಕ್ಕೆ ಸರ್ಕಾರದ ಯೋಜನೆಯಲ್ಲಿ ಜಪಾನಿನಿಂದಲೇ ಬಂದ ಒಂದು ಟಿಲ್ಲರ್ ಮಂಜೂರಾಯಿತು. ಎತ್ತಿಲ್ಲದೆ ಗದ್ದೆ ಹೂಡುವ, ಕೈಯಲ್ಲಿ ಹಿಡಿದು ಹಿಂದೆ ನಡೆಯುವ ಯಂತ್ರ. ಅದನ್ನು ಓಡಿಸಲು ದುಗ್ಗಪ್ಪನನ್ನು ನೇಮಿಸಿದರು. ಮಂಡ್ಯದ ಕಡೆ ಹೋಗಿ ತರಬೇತಿಯನ್ನೂ ಪಡೆದು ಬಂದ. ನನಗೆ ಆದ ಸಂತೋಷ ಹೇಳತೀರದು. ತಾಯಿಯಿಲ್ಲದ ಹುಡುಗ ಒಂದು ದಡ ಸೇರಿದ ಎಂದುಕೊಂಡೆ.

ಯಂತ್ರ ರೈಲಿನಲ್ಲಿ ಸಾಗರದವರೆಗೆ ಬಂತು. ದುಗ್ಗಪ್ಪ ಲಾರಿ ತೆಗೆದುಕೊಂಡು ಹೋಗಿ ಗೂಡ್ಸ್ ಶೆಡ್ಡಿನಿಂದ ಪೆಟ್ಟಿಗೆ ಬಿಡಿಸಿಕೊಂಡ. ಅಲ್ಲಿ ಅದೇ ಅಳತೆಯ ಬೇರೆ ಪೆಟ್ಟಿಗೆಗಳೂ ಇದ್ದವಂತೆ, ಬೇರೆ ಊರಿನ ಸಂಘಗಳಿಗೆ ಹೋಗುವಂಥವು. ವಾಪಸ್ಸು ಬರುವಾಗ ಹೊಸನಗರ ದಾಟಿದ ಮೇಲೆ ಹಳ್ಳ ಉಕ್ಕಿ ರಸ್ತೆ ಕಟ್ಟಿತು. ಲಾರಿ ಒಂದು ರಾತ್ರಿ ಅಲ್ಲೇ ನಿಂತಿತು. ಇವನು ಪೆಟ್ಟಿಗೆಯ ಮೇಲೇ ಕಂಬಳಿಕೊಪ್ಪೆ ಹಾಕಿಕೊಂಡು ಮಲಗಿದನಂತೆ. ಮರುದಿನ ಊರಿಗೆ ತಂದು ನಮ್ಮ ಶಾಲೆಯ ಎದುರು ಇಳಿಸಿದರು. ಪೆಟ್ಟಿಗೆ ಒಡೆದದ್ದು ಇಡೀ ಊರಿನ ಮುಂದೆ. ಒಳಗೆ ಗ್ರೀಸು ಮೆತ್ತಿದ ಕಾಗದ, ಒಣಹುಲ್ಲು, ಹೊಸ ಬಣ್ಣದ ವಾಸನೆ. ಆ ಹುಲ್ಲನ್ನು ನನ್ನ ಮಕ್ಕಳು ಜಪಾನಿನ ಹುಲ್ಲು ಎಂದು ಮನೆಗೆ ಒಯ್ದರು. ಸಂಘದ ಅಧ್ಯಕ್ಷರಾದ ಹಿರಿಯಣ್ಣಗೌಡರು ತಾವೇ ನಿಂತು ತೆಂಗಿನಕಾಯಿ ಒಡೆದರು, ಯಂತ್ರದ ಮೈ ಸವರಿ “ಕನ್ನಡಿ ಆಗ್ಯದೆ ಮಾರಾಯ” ಎಂದರು. ನಾನು ಅಲ್ಲೇ ಇದ್ದೆ. ಕಿವಿಯಾರೆ ಕೇಳಿದ್ದೇನೆ.

ನಮ್ಮೂರಿನಲ್ಲಿ ಒಂದು ಪದ್ಧತಿ. ಮುಂಗಾರಿನ ಮೊದಲ ಹೂಟಿ ಗೌಡರ ಮನೆಯ ಮುಂದಿನ ಗದ್ದೆಯಲ್ಲಿ ಆಗಬೇಕು, ಆಮೇಲೆ ಉಳಿದವರದು. ಎತ್ತಿಗೂ ಅದೇ, ಕೋಣಕ್ಕೂ ಅದೇ. ಈಗ ಟಿಲ್ಲರಿಗೂ ಅದೇ ಆಗಬೇಕೆಂದು ಹಿರಿಯಣ್ಣಗೌಡರು ಹಟ ಹಿಡಿದರು. ತೊಂದರೆ ಏನೆಂದರೆ ಅವರ ಮುಂದಿನ ಗದ್ದೆ ಹುದುಲು. ಕಾಲಿಟ್ಟರೆ ಸೊಂಟದವರೆಗೆ ಇಳಿಯುವ ಜಾಗ. ಕೋಣಗಳೇ ಅಲ್ಲಿ ಹೊಟ್ಟೆಯವರೆಗೆ ಹೂತು ಏದುಸಿರು ಬಿಡುತ್ತಿದ್ದವು.

ದುಗ್ಗಪ್ಪ ಹೇಳಿದ. “ಗೌಡ್ರೆ, ಆ ಗದ್ದೇಲಿ ಬ್ಯಾಡ. ಮೇಲಿನ ಗದ್ದೇಲಿ ಶುರು ಮಾಡಾಣ. ಅಲ್ಲಿ ಅಡಿ ಗಟ್ಟಿ ಐತೆ.”

“ನಮ್ಮಜ್ಜನ ಕಾಲದಿಂದ ಮೊದಲ ಸಾಲು ಅಲ್ಲೇ ಬಿದ್ದಿದ್ದು. ನಿನ್ನ ಜಪಾನಿಗೆ ಅದಾಗಲ್ಲ ಅಂದ್ರೆ ಎಂಥಕ್ಕೆ ತಂದಿ ಅದನ್ನ?” ಎಂದರು ಗೌಡರು.

ಆರಿದ್ರಾ ಮಳೆ ಹಿಡಿದಿತ್ತು. ಗೌಡರ ನೆಂಟರು ತೀರ್ಥಹಳ್ಳಿಯಿಂದ ಕೊಡೆ ಹಿಡಿದು ನೋಡಲು ಬಂದಿದ್ದರು. ಟಿಲ್ಲರ್ ಹೊಗೆ ಬಿಟ್ಟುಕೊಂಡು ಗದ್ದೆಗೆ ಇಳಿಯಿತು, ಒಂದು ಸಾಲು ಹೋಯಿತು, ತಿರುಗಿತು, ಅಲ್ಲೇ ಕುಸಿಯಿತು. ಇಂಜಿನ್ನು ಕೆಸರಿನಲ್ಲಿ ಮುಳುಗಿ ನಿಂತುಹೋಯಿತು. ಅಂಚಿನ ಮೇಲಿದ್ದವರು ನಕ್ಕರು. ಕೊನೆಗೆ ಕೋಣ ಕಟ್ಟಿಯೇ ಅದನ್ನು ಎಳೆಯಬೇಕಾಯಿತು. ಎತ್ತು ಬೇಡ ಎಂದು ತಂದ ಯಂತ್ರವನ್ನು ಕೋಣ ಎಳೆಯಿತು ಎಂದು ನೆಂಟರೊಬ್ಬರು ಅಂದರು. ಹಿರಿಯಣ್ಣಗೌಡರ ಮುಖ ಕಪ್ಪಿಟ್ಟಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕು, ಆದರೆ ಅದು ಗೌಡರ ನೆಲ, ಹಾಗನ್ನುವವರು ಯಾರು? ಯಂತ್ರವನ್ನು ತೊಳೆಯುವಾಗ ಇಂಜಿನ್ನಿನ ಪಕ್ಕದಲ್ಲಿ ಒಂದು ಸಣ್ಣ ತಗಡು ಗೌಡರ ಕಣ್ಣಿಗೆ ಬಿತ್ತು. ಅದರ ಮೇಲೆ ಗುಬ್ಬಚ್ಚಿ ಕಾಲಿನ ಗುರುತಿನಂಥ ಜಪಾನಿ ಅಕ್ಷರ, ಅದರ ಪಕ್ಕದಲ್ಲಿ ನಮಗೆ ಓದಲು ಬರುವ ಅಂಕಿ: ಮೂವತ್ತೆಂಟು.

“ಎಂಥದಾ ಇದು?” ಎಂದರು ಗೌಡರು. “ಮೂವತ್ತೆಂಟು ಅಂತ ಬರ್ದಾರೆ. ಮೂವತ್ತೆಂಟನೇ ಇಸ್ವಿದು ಇದು. ಯುದ್ಧಕ್ಕೆ ಮುಂಚಿನ ಗುಜರಿ ತಂದು ನಮ್ಮ ತಲೆಗೆ ಕಟ್ಟೀಯಾ?”

“ಗೌಡ್ರೆ, ಪೆಟ್ಟಿಗೆ ನಿಮ್ಮೆದುರಿಗೇ ಒಡ್ದಿದ್ದು. ಬಣ್ಣ ನೋಡಿ.”

“ಬಣ್ಣ ಯಾರಿಗೂ ಬಳಿಯಕ್ ಬರ್ತದೆ.”

ಇಷ್ಟೇ. ಇಷ್ಟರಲ್ಲಿ ನನ್ನ ತಮ್ಮ ಕಳ್ಳನಾದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಸಂಜೆಯೊಳಗೆ ಕತೆ ಪೂರ್ತಿಯಾಗಿತ್ತು. ಲಾರಿ ಹಳ್ಳದ ಹತ್ತಿರ ನಿಂತ ರಾತ್ರಿ ಹೊಸ ಯಂತ್ರ ಇಳಿಸಿ ಹಳೆಯದನ್ನು ಏರಿಸಿದ್ದಾನೆ, ಹೊಸದು ಘಟ್ಟ ಇಳಿದು ಹೋಗಿದೆ. ಉಕ್ಕಿದ ಹಳ್ಳದ ದಡದಲ್ಲಿ, ಜಡಿಮಳೆಯಲ್ಲಿ, ಅದೇ ಅಳತೆಯ ಇನ್ನೊಂದು ಜಪಾನಿ ಯಂತ್ರವನ್ನು ಯಾರು ಹೊತ್ತು ತಂದರು ಎಂದು ಕೇಳಿದವರು ಒಬ್ಬರೂ ಇಲ್ಲ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಈ ಜನಕ್ಕೆ ಕಾಲ ಎಣಿಸುವ ದಾರಿ ಒಂದೇ ಅಂತೇನೂ ಇರಲಿಲ್ಲ. ಗೌಡರ ಜಾತಕದಲ್ಲಿ ಹುಟ್ಟಿದ್ದು ಇಂಥ ಸಂವತ್ಸರ ಎಂದಿತ್ತು. ನಾಟಿ ಯಾವಾಗ ಎಂದರೆ ಪುನರ್ವಸು ಮಳೆಗೆ ಎನ್ನುತ್ತಿದ್ದರು. ಶಾಲೆಗೆ ಮಗು ಸೇರಿಸುವಾಗ “ದೊಡ್ಡ ನೆರೆ ಬಂದ ವರ್ಷದ ದೀಪಾವಳಿಗೆ ಹುಟ್ಟಿದ್ದು ಟೀಚ್ರೆ” ಎಂದು ಹೇಳಿ, ಅದನ್ನು ಇಂಗ್ಲಿಷ್ ತಾರೀಖು ಮಾಡುವ ಕೆಲಸ ನನಗೆ ಬಿಡುತ್ತಿದ್ದರು. ನಾನು ಪಂಚಾಂಗ ಹಿಡಿದು ಕೂರುತ್ತಿದ್ದೆ. ಒಂದೇ ಬಾಯಲ್ಲಿ ಮೂರು ಬಗೆಯ ವರ್ಷ ಹೇಳುವ ಇವರಿಗೆ, ಸಮುದ್ರದಾಚೆ ಇರುವವರಿಗೂ ತಮ್ಮದೇ ಒಂದು ವರ್ಷ ಇರಬಹುದು ಎಂದು ಹೊಳೆಯಲಿಲ್ಲ.

ಒಬ್ಬರಿಗೆ ಮಾತ್ರ ಹೊಳೆಯಿತು. ಆ ಕತೆ ಹೇಳುವಾಗ ನನಗೆ ಅಳುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಮೇಲಿನ ಕಚೇರಿಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಊರಿನಲ್ಲಿ ಸೋರದ ಕೋಣೆ ಎಂದರೆ ನನ್ನ ಶಾಲೆ ಒಂದೇ, ಆದ್ದರಿಂದ ವಿಚಾರಣೆ ಅಲ್ಲೇ. ಮಕ್ಕಳನ್ನು ಮನೆಗೆ ಕಳಿಸಿ, ನಾನು ಕಪ್ಪು ಹಲಗೆಯ ಪಕ್ಕ ನಿಂತೆ. ಅಧಿಕಾರಿ ನನ್ನ ಕುರ್ಚಿಯಲ್ಲಿ ಕೂತರು. ಸಂಘದ ಸದಸ್ಯರೆಲ್ಲ ಮಕ್ಕಳ ಮಣೆಗಳ ಮೇಲೆ ಮೊಣಕಾಲು ಮಡಚಿ ಕೂತಿದ್ದರು. ದುಗ್ಗಪ್ಪ ಬಾಗಿಲ ಹತ್ತಿರ ನಿಂತಿದ್ದ. ಯಂತ್ರ ಕಳಿಸಿದವರಿಗೇ ಬರೆದು ಕೇಳಬಹುದಲ್ಲ ಎಂದು ನಾನು ಮೊದಲೇ ಕೇಳಿದ್ದೆ. ಉತ್ತರ ಬರಲು ಮಳೆಗಾಲ ಕಳೆಯುತ್ತದೆ, ಅಲ್ಲಿಯವರೆಗೆ ಪೊಲೀಸು ಕೇಸು ಮಾಡಿ ಇವನನ್ನು ಒಳಗೆ ಹಾಕಬೇಕಾಗುತ್ತದೆ, ನೋಡಿ, ಎಂದಿದ್ದರು ಅಧಿಕಾರಿ. ಸಹಾಯ ಮಾಡುವವರ ದನಿಯಲ್ಲಿ.

ಆಗ ಎದ್ದವರು ಧರಣಪ್ಪನವರು. ಹುಂಚದವರು, ಜೈನರು, ಸಂಘದ ಹಳೆಯ ಸದಸ್ಯರು. ಪರಸ್ಥಳದಿಂದ ಬಂದವರಿಗೆ ಬಸದಿಯ ಕಲ್ಲುಶಾಸನಗಳನ್ನು ತೋರಿಸಿ ವಿವರ ಹೇಳುವುದು ಅವರಿಗೆ ಬಹಳ ಪ್ರೀತಿಯ ಕೆಲಸ. ಹುಂಚದಲ್ಲಿ ಅಂಥ ಕಲ್ಲುಗಳಿಗೆ ಬರವೇ ಇಲ್ಲ. ಅವುಗಳ ಮೇಲೆಲ್ಲ ಶಕವರ್ಷ ಒಂಬೈನೂರ ಚಿಲ್ಲರೆ ಎಂದು ಕೆತ್ತಿರುತ್ತದೆ. ಧರಣಪ್ಪನವರು ಕೋಲಿನಿಂದ ಅದನ್ನು ಮುಟ್ಟಿ, “ಇದಕ್ಕೆ ಎಪ್ಪತ್ತೆಂಟು ಕೂಡಿಸಿದರೆ ಇಂಗ್ಲಿಷ್ ವರ್ಷ” ಎನ್ನುತ್ತಿದ್ದರು. ಹುಂಚದ ದನ ಕಾಯುವವರಿಗೂ ಆ ಎಪ್ಪತ್ತೆಂಟು ಬಾಯಿಪಾಠ.

“ಸ್ವಾಮಿ, ಒಂದು ಮಾತು,” ಎಂದರು ಧರಣಪ್ಪನವರು. “ಈ ಮೂವತ್ತೆಂಟು ಇಂಗ್ಲಿಷ್ ವರ್ಷವೇ ಅಂತ ಯಾಕೆ ತಿಳ್ಕೊಂಡ್ರಿ? ನಮ್ಮೂರಿನ ಕಲ್ಲಿನ ಮೇಲೂ ವರ್ಷ ಬರೆದದೆ. ಅದು ಇಂಗ್ಲಿಷ್ ವರ್ಷ ಅಲ್ಲ. ಅದರ ಪಕ್ಕದಲ್ಲೇ ಇಂಥ ರಾಜ ಆಳುವಾಗ ಅಂತಾನೂ ಬರೆದದೆ. ಹಾಗೇ ಇವ್ರದೂ ಎಂಥದೋ ಬೇರೆ ಲೆಕ್ಕ ಇದ್ದೀತು.”

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವರೂ ಒಂದು ಗಳಿಗೆ ಯೋಚಿಸಿದರು, ಅದು ನನಗೆ ಕಂಡಿತು.

“ಆಯ್ತು. ಹಾಗಾದ್ರೆ ಅದನ್ನ ಇಂಗ್ಲಿಷ್ ವರ್ಷ ಮಾಡೋದು ಹ್ಯಾಗೆ?” ಎಂದು ಕೇಳಿದರು.

ಧರಣಪ್ಪನವರಿಗೆ ಗೊತ್ತಿದ್ದದ್ದು ಒಂದೇ ಲೆಕ್ಕ. ಅದನ್ನೇ ಹೇಳಿದರು. “ಎಪ್ಪತ್ತೆಂಟು ಕೂಡಿಸ್ಬೇಕು ಸ್ವಾಮಿ.”

ಅಧಿಕಾರಿ ಕೂಡಿಸಿದರು. “ನೂರಾ ಹದಿನಾರು,” ಎಂದರು. “ಅಂದ್ರೆ ಈ ಟಿಲ್ಲರು ಕ್ರಿಸ್ತಶಕ ನೂರಾ ಹದಿನಾರನೇ ಇಸವೀದು. ನಿಮ್ಮ ಬಸದಿಗಿಂತ ಹಳೇದು.”

ಮಣೆಗಳ ಮೇಲೆ ಕೂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿರಿಯಣ್ಣಗೌಡರು ಕಣ್ಣು ಒರೆಸಿಕೊಂಡರು. “ಅದ್ಕೂ ಒಂದು ಬಸದಿ ಕಟ್ಸಾಣ” ಎಂದು ಯಾರೋ ಅಂದರು. ಧರಣಪ್ಪನವರು ತಮ್ಮ ಶಾಲು ಸರಿಮಾಡಿಕೊಂಡು ಕೂತುಬಿಟ್ಟರು. ಎಲ್ಲರೂ ನಗುವಾಗ ಏನು ಮಾಡಬೇಕೆಂದು ತಿಳಿಯದೆ ದುಗ್ಗಪ್ಪನೂ ಒಂದಿಷ್ಟು ನಕ್ಕ. ಅಧಿಕಾರಿ ಅವನ ಕಡೆ ತಿರುಗಿ, “ನಗು ಬರ್ತದೇನಪ್ಪ ನಿನಗೆ? ಮೈಮೇಲೆ ಕೇಸು ಬಂದಿರೋದು ಗೊತ್ತಿದೆಯೋ ಇಲ್ವೋ?” ಎಂದು ಗದರಿದರು.

ನಾನು ಬಾಯಿಬಿಟ್ಟೆ. “ಸಾರ್, ಅವರು ಕೂಡಿಸಿದ್ದು ತಪ್ಪಿರಬಹುದು. ಕೇಳಿದ್ದು ತಪ್ಪಲ್ಲ. ಅದು ಯಾರ ವರ್ಷ ಅಂತ ತಿಳ್ಕೊಳ್ದೆ ನೀವು ಹ್ಯಾಗೆ ತೀರ್ಮಾನ ಮಾಡ್ತೀರಿ?”

“ಟೀಚರ್, ನೀವು ಅವನ ಅಕ್ಕ ಅಲ್ವಾ?” ಎಂದರು ಅಧಿಕಾರಿ. ಮತ್ತೆ ಪೆನ್ನು ಎತ್ತಿಕೊಂಡರು.

ಒಂದು ನಗು ಮನುಷ್ಯನನ್ನು ಹೇಗೆ ಮುಗಿಸುತ್ತದೆ ಎಂದು ಆ ದಿನ ನೋಡಿದೆ. ಧರಣಪ್ಪನವರು ಎಪ್ಪತ್ತೆಂಟು ಎನ್ನದೆ “ನನಗೆ ಗೊತ್ತಿಲ್ಲ, ವಿಚಾರಿಸಿ” ಎಂದಿದ್ದರೆ ಸಾಕಿತ್ತು. ಆದರೆ ಅವರ ಮೇಲೆ ಸಿಟ್ಟು ಮಾಡಲು ನನಗೆ ಆಗುವುದಿಲ್ಲ. ಬಾಗಿಲು ಇರುವ ಗೋಡೆಯನ್ನು ಕೈಯಿಟ್ಟು ತೋರಿಸಿದ್ದು ಅವರೊಬ್ಬರೇ. ಬೀಗದ ಕೈ ಬೇರೆಯಾಗಿತ್ತು, ಅಷ್ಟೇ. ಉಳಿದವರಿಗೆ ಗೋಡೆಯೂ ಬೇಕಿರಲಿಲ್ಲ. ತೀರ್ಮಾನಕ್ಕೆ ಒಂದು ವಾರ ಗಡುವು ಇಟ್ಟು ಅಧಿಕಾರಿ ಹೊರಟುಹೋದರು.

ನನ್ನ ಜೊತೆ ಟೀಚರ್ ತರಬೇತಿ ಮಾಡಿದ ಸರೋಜ ಜೋಗದ ಕಾಲೊನಿಯಲ್ಲಿದ್ದಳು. ಅವಳ ಗಂಡ ವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರು. ದೇಶ ದೇಶದ ಯಂತ್ರಗಳ ನಡುವೆ ಇರುವವರು, ಅವರಿಗೆ ತಿಳಿದೀತು ಎನ್ನಿಸಿತು. ತಗಡಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದೆ, ಮಕ್ಕಳು ನಾಣ್ಯದ ಅಚ್ಚು ತೆಗೆಯುವ ಹಾಗೆ. ಅಕ್ಷರ, ಅಂಕಿ ಎಲ್ಲ ಮೂಡಿದವು. ಹಳ್ಳ ಉಕ್ಕಿ ಮಕ್ಕಳು ಶಾಲೆಗೆ ಬಾರದ ದಿನ ನೋಡಿ ಬಸ್ಸು ಹತ್ತಿದೆ. ಹೋಗುವಾಗ ದುಗ್ಗಪ್ಪನಿಗೆ ಹೇಳಿದೆ. “ನಾನು ಬರೋ ತನಕ ಯಾರು ಎಂಥ ಹೇಳಿದ್ರೂ ಹೂಂ ಅನ್ಬೇಡ.” ಅವನು ಹೂಂ ಎಂದ.

ಹೊಸನಗರದಲ್ಲಿ ಬಸ್ಸು ಬದಲಾಯಿಸಿ, ಸಾಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಮರುದಿನ ಜೋಗ ಮುಟ್ಟಿದೆ. ಆ ವರ್ಷ ಶರಾವತಿ ಕಣಿವೆಯ ಜನ ಊರು ಬಿಡುತ್ತಿದ್ದರು, ಬಸ್ಸಿನ ತುಂಬ ಪಾತ್ರೆ ಪಡಗ, ಕಟ್ಟಿದ ಹಾಸಿಗೆ. ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ನಾನು ಮಡಿಲಲ್ಲಿ ಕಾಗದ ನೆನೆಯದ ಹಾಗೆ ಹಿಡಿದು ಕೂತಿದ್ದೆ.

ಸರೋಜಳ ಗಂಡ ಮೈಸೂರಿನವರು. ಉಪ್ಪಿಟ್ಟು ತಿನ್ನುತ್ತ ಕಾಗದ ನೋಡಿದರು. “ಅಯ್ಯೋ, ಇದಕ್ಕೆ ಇಷ್ಟು ದೂರ ಬಂದ್ರಾ? ಇದು ಅವರ ಚಕ್ರವರ್ತಿ ಲೆಕ್ಕ ಕಣ್ರೀ. ನಮಗೆ ಬರೋ ಮೀಟರುಗಳ ಮೇಲೂ ಹೀಗೇ ಇರತ್ತೆ. ಇಪ್ಪತ್ತೈದು ಕೂಡಿಸಿ. ಅರವತ್ಮೂರು. ಹೋದ ವರ್ಷ ಮಾಡಿದ ಗಾಡಿ ಇದು, ಹೊಸದು,” ಎಂದು ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಂಡರು. ಅವರದೇನೂ ತಪ್ಪಿಲ್ಲ, ನಾನು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದರು, ಅದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿಯನ್ನೂ ಹಾಕಿಕೊಟ್ಟರು. ಆದರೂ ನನಗೆ ಅವರ ಮೇಲೂ ಸಿಟ್ಟು ಬಂತು. ಒಬ್ಬನ ಮಾನ ಹೋಗುತ್ತಿರುವ ಸಂಗತಿ ಇನ್ನೊಬ್ಬರಿಗೆ ಉಪ್ಪಿಟ್ಟಿನ ಜೊತೆಯ ಮಾತು.

ಊರಿಗೆ ಬಂದಾಗ ದುಗ್ಗಪ್ಪ ಒಲೆಯ ಮುಂದೆ ಕೂತು ಗಂಜಿ ಕಾಯಿಸುತ್ತಿದ್ದ. ಹಣೆಯ ಮೇಲೆ ದಪ್ಪ ಕುಂಕುಮ.

“ಮುಗೀತು ಅಕ್ಕ,” ಎಂದ. “ಚೌಡಿ ಬನದಲ್ಲಿ ತಪ್ಪು ಕಾಣಿಕೆ ಹಾಕಿ ಬಂದೆ.”

ತಪ್ಪು ಕಾಣಿಕೆ ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಊರಿನಲ್ಲಿ ಏನಾದರೂ ತಪ್ಪು ನಡೆದರೆ, ಮಾಡಿದವನು ಊರ ದೇವತೆ ಚೌಡಿಯ ಮುಂದೆ ಕಾಯಿ ಒಡೆದು ಬೆಳ್ಳಿ ಇಟ್ಟು ತಪ್ಪಾಯಿತು ಎನ್ನುವುದು. ಅಲ್ಲಿಗೆ ಪೊಲೀಸೂ ಇಲ್ಲ, ಕೋರ್ಟೂ ಇಲ್ಲ. ಮತ್ತೆ ಆ ಮಾತು ಯಾರೂ ಎತ್ತುವ ಹಾಗಿಲ್ಲ. ಬಹಳ ಒಳ್ಳೆಯ ಪದ್ಧತಿ ಎಂದು ಎಲ್ಲರೂ ಹೊಗಳುತ್ತಾರೆ. ನಾನು ಅತ್ತ ಹೋದ ದಿನವೇ ಹಿರಿಯರೆಲ್ಲ ಮನೆಗೆ ಬಂದು ಇವನನ್ನು ಕೂರಿಸಿಕೊಂಡಿದ್ದಾರೆ. ಬೈದಿಲ್ಲ, ಹೊಡೆದಿಲ್ಲ. ಬೆನ್ನು ಸವರಿ ಹೇಳಿದ್ದಾರೆ: ಹುಡುಗ ನೀನು, ನಾಳೆ ಮದುವೆ ಆಗಬೇಕಾದವನು, ಜೈಲು ಯಾಕೆ, ನಿಮ್ಮಕ್ಕನ ಕೆಲಸಕ್ಕೂ ಕುತ್ತು, ಒಂದು ಕಾಣಿಕೆ ಹಾಕಿಬಿಡು. ಮನೆಯಲ್ಲಿದ್ದ ಬೆಳ್ಳಿ ಒಂದೇ ಒಂದು, ಅಮ್ಮನ ಹಳೆಯ ರೂಪಾಯಿ, ಇವನು ಅದನ್ನು ಪೆಟ್ಟಿಗೆಯಿಂದ ತೆಗೆದುಕೊಂಡು ಹೋಗಿದ್ದಾನೆ.

“ನೀನು ತಪ್ಪು ಮಾಡಿದ್ಯಾ?” ಎಂದು ಕೇಳಿದೆ.

“ನಾನು ಕದ್ದಿಲ್ಲ ಅಕ್ಕ. ಆದ್ರೆ ಶೆಡ್ಡಲ್ಲಿ ಬೇರೆ ಪೆಟ್ಟಿಗೆನೂ ಇದ್ವಲ್ಲ. ನನಗೆ ಸರಿಯಾದ್ದು ಕೊಟ್ರೋ ಇಲ್ವೋ ನಾನು ನೋಡ್ಲಿಲ್ಲ. ಹಳೇದನ್ನ ನನ್ನ ಕೈಗೆ ಹಾಕಿರ್ಬೋದು. ಅಷ್ಟರಮಟ್ಟಿಗೆ ನನ್ನದೇ ತಪ್ಪು ಅಂತ ಅನ್ಸ್ತು.”

ನಾನು ಕಾಗದ ತೋರಿಸಿದೆ. ಮೂವತ್ತೆಂಟು, ಅದರ ಕೆಳಗೆ ಇಪ್ಪತ್ತೈದು, ಅದರ ಕೆಳಗೆ ಗೆರೆ, ಅರವತ್ತಮೂರು. ಅವನು ಬೆರಳು ಮಡಚಿ ತಾನೂ ಕೂಡಿಸಿ ನೋಡಿದ. ಗಂಜಿ ಉಕ್ಕಿ ಒಲೆಗೆ ಬಿತ್ತು.

ನಾನು ಒದ್ದೆ ಸೀರೆಯಲ್ಲೇ ಹಿರಿಯಣ್ಣಗೌಡರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತಿದ್ದರು. ಕಾಗದ ಓದಿದರು, ಇಂಜಿನಿಯರ ಸಹಿ ನೋಡಿದರು, ಮಡಚಿ ನನ್ನ ಕೈಗೇ ಕೊಟ್ಟರು. ನಂಬಲಿಲ್ಲ ಅಂತ ಅಂದುಕೊಳ್ಳಬೇಡಿ. ನಂಬಿದರು. 

“ಇದ್ದೀತು ಟೀಚ್ರೆ. ಹೊಸದೇ ಇದ್ದೀತು. ಒಳ್ಳೇದೇ ಆತಲ್ಲ, ಸಂಘಕ್ಕೂ ನಷ್ಟ ಇಲ್ಲ,” ಎಂದರು. “ಆದ್ರೆ ಈಗ ಅದನ್ನ ಕೆದಕಿ ಎಂಥ ಮಾಡ್ತೀರಿ? ಅವನೇ ಒಪ್ಪಿ ಕಾಣಿಕೆ ಹಾಕ್ಯಾನೆ. ಮುಗ್ದ ಮಾತು.”

“ಹಾಗಾದ್ರೆ ಅವನು ಕಳ್ಳ ಅಲ್ಲ ಅಂತ ನಾಳೆ ಎಲ್ಲರ ಮುಂದೆ ಹೇಳಿ.”

“ಹೇಳಿದ್ರೆ ಚೌಡಿ ಸುಳ್ಳು ತಪ್ಪಿಗೆ ಕಾಣಿಕೆ ತಗಂಡ್ಳು ಅಂತ ಆಗ್ತದೆ. ಊರಿಗೆ ಒಳ್ಳೇದಲ್ಲ ಅದು.”

ಎಷ್ಟು ನಯವಾದ ಮಾತು ನೋಡಿ. ತಾನು ತಗಡು ಓದಲಾರದೆ ಹೋದದ್ದನ್ನು ಮುಚ್ಚಲು ದೇವರನ್ನೇ ಅಡ್ಡ ಹಿಡಿದ ಮನುಷ್ಯ. ನಾನು ಅಲ್ಲಿಂದ ನೇರ ಚೌಡಿ ಬನಕ್ಕೆ ಹೋದೆ. ಹೆಂಗಸರು ಹೊತ್ತಲ್ಲದ ಹೊತ್ತಿನಲ್ಲಿ ಕಾಲಿಡದ ಜಾಗ. ಪೂಜಾರಿ ಕಲ್ಲಿನ ಮುಂದೆ ಎಲೆ ಗುಡಿಸುತ್ತಿದ್ದ. ಗೌಡರೂ ಇನ್ನಿಬ್ಬರೂ ನನ್ನ ಹಿಂದೆಯೇ ಬಂದರು.

“ನನ್ನ ತಮ್ಮ ಇಟ್ಟ ಬೆಳ್ಳಿ ವಾಪಸ್ ಕೊಡು,” ಎಂದೆ.

ಪೂಜಾರಿಗೆ ಅರ್ಥವೇ ಆಗಲಿಲ್ಲ. “ಎಂಥ ಟೀಚ್ರಮ್ಮ, ಚೌಡಿಗೆ ಕೊಟ್ಟಿದ್ದು ತಿರುಗಿ ಕೇಳ್ತಾರಾ ಯಾರಾದ್ರೂ?”

“ತಪ್ಪೇ ಇಲ್ದಿದ್ರೆ ಅದು ತಪ್ಪು ಕಾಣಿಕೆ ಹೆಂಗಾಗ್ತದೆ? ಚೌಡಿ ತಗಳಲ್ಲ ಅದನ್ನ. ತಗಂಡೋರು ನೀವು.”

ಅವನು ಗೌಡರ ಮುಖ ನೋಡಿದ. ಗೌಡರು ಮರದ ಕಡೆ ನೋಡಿದರು. ಬೆಳ್ಳಿ ಅಲ್ಲೇ ಕಲ್ಲಿನ ಬುಡದ ಹರಿವಾಣದಲ್ಲಿ, ಹೂವಿನ ಅಡಿಯಲ್ಲಿ ಕಾಣುತ್ತಿತ್ತು. ಕೈ ಹಾಕಿ ತೆಗೆದುಕೊಳ್ಳಬಹುದಿತ್ತು. ನಾನು ತೆಗೆದುಕೊಳ್ಳಲಿಲ್ಲ. ಅವರು ತೆಗೆದು ನನ್ನ ಕೈಗೆ ಕೊಡಬೇಕು ಎಂದು ನಿಂತೆ. ಮಳೆ ಜೋರಾಯಿತು. ಯಾರೂ ಅಲುಗಲಿಲ್ಲ. ಕೊನೆಗೆ ದುಗ್ಗಪ್ಪ ಕೊಡೆ ಹಿಡಿದುಕೊಂಡು ಬಂದು ನನ್ನ ತೋಳು ಹಿಡಿದು ಕರೆದುಕೊಂಡು ಹೊರಟ.

ದಾರಿಯಲ್ಲಿ ಅವನು ಹೇಳಿದ ಮಾತು ಇದು. “ನೀನು ಜೋಗಕ್ಕೆ ಹೋಗ್ದೆ ಇದ್ದಿದ್ರೆ ಚೆನ್ನಾಗಿತ್ತು ಅಕ್ಕ. ಪೆಟ್ಟಿಗೆ ಸರಿಯಾಗಿ ನೋಡ್ಲಿಲ್ಲ ಅಂತ ಹಾಕಿದ್ದೆ. ಅದಾದ್ರೂ ಒಂದು ತಪ್ಪಾಗಿರ್ತಿತ್ತು. ಈಗ ನಾನು ಎಂಥಕ್ಕೆ ಹಾಕಿದ್ದು ಹೇಳು.”

ಬನದಲ್ಲಿ ಹಟ ಹಿಡಿದು ನಿಂತ ಟೀಚರು ಊರಿಗೆ ಬೇಡವಾದಳು. ದೀಪಾವಳಿಯ ಹೊತ್ತಿಗೆ ನನಗೆ ಸಾಗರದ ಕಡೆ ವರ್ಗವಾಯಿತು. ದುಗ್ಗಪ್ಪನೂ ನನ್ನ ಜೊತೆ ಬಂದು ಅಕ್ಕಿ ಗಿರಣಿಯಲ್ಲಿ ಮೂಟೆ ಎತ್ತುವ ಕೆಲಸಕ್ಕೆ ಸೇರಿದ. ಗಿರಣಿಯ ಇಂಜಿನ್ನು ಕೆಟ್ಟರೂ ಅದರ ಹತ್ತಿರ ಹೋಗುತ್ತಿರಲಿಲ್ಲ. ನನ್ನ ತಮ್ಮ, ಬಸ್ಸಿನ ಅಡಿಗೆ ತೂರುತ್ತಿದ್ದವನು. ಆ ಟಿಲ್ಲರ್ ಮಾತ್ರ ಗೌಡರ ಅಣ್ಣನ ಮಗನ ಕೈಯಲ್ಲಿ ಮೇಲಿನ ಗದ್ದೆಗಳಲ್ಲಿ ವರ್ಷಗಟ್ಟಲೆ ಚೆನ್ನಾಗಿ ಓಡಿತಂತೆ. ಒಳ್ಳೆಯ ಯಂತ್ರ ಎಂದು ಗೌಡರೇ ಕಂಡವರಿಗೆಲ್ಲ ಹೇಳುತ್ತಿದ್ದರಂತೆ. ಅದನ್ನು ಹೇಳಿದ ಬಾಯಲ್ಲೇ, ಅದನ್ನು ತಂದವನು ಕಳ್ಳ ಎಂಬ ಮಾತೂ ಇತ್ತು. ಎರಡೂ ಒಟ್ಟಿಗೆ ನಿಜವಾಗಲಾರದು ಎಂದು ಆ ಊರಿನಲ್ಲಿ ಯಾರಿಗೂ ತೋಚಲಿಲ್ಲ. ದುಗ್ಗಪ್ಪ ಸಾಯುವಾಗ ಅಲ್ಲಿಂದ ಒಬ್ಬರೂ ಬರಲಿಲ್ಲ. ಬಂದಿದ್ದರೆ ನಾನು ಒಳಗೆ ಬಿಡುತ್ತಿರಲಿಲ್ಲ.

ಗೌಡರು ಹೋದರು, ಪೂಜಾರಿ ಹೋದ, ಆ ಅಧಿಕಾರಿಯೂ ಹೋಗಿರಬೇಕು. ಬನ ಇದೆ, ಈಗ ಚೌಡಿ ಕಲ್ಲಿನ ಮೇಲೆ ತಾರಸಿ ಹಾಕಿಸಿದ್ದಾರೆ ಎಂದು ಕೇಳಿದೆ. ಹೋದವರ ಮಕ್ಕಳು ಮೊಮ್ಮಕ್ಕಳು ಇದನ್ನು ಓದಿದರೆ ಓದಲಿ. ಅವರು ಬಂದು ಕ್ಷಮೆ ಕೇಳುವುದು ಬೇಡ. ಆ ಹರಿವಾಣದಲ್ಲಿ ನಮ್ಮಮ್ಮನ ಬೆಳ್ಳಿ ರೂಪಾಯಿ ಇದೆ. ಅದನ್ನು ತಂದು ನನ್ನ ಕೈಗೆ ಕೊಡಿ.